ನೌಕರಿಗೆ ಮುಂಚಿನ ಪೂರ್ವಾಪರ ವಿಚಾರಣೆ: ತಡವೇಕೆ? ಮಾಡತಕ್ಕದ್ದೇನು?



ರಾಗಿ ಬಿತ್ತುವ ಮುನ್ನ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆಂದು ನೋಡುವುದು ನಮಗೆಲ್ಲ ತಿಳಿದ ಪದ್ಧತಿ. ನೂರಕ್ಕೆ ೭೫ ಕಾಳಾದರೂ ಮೊಳೆಯದಿದ್ದರೆ ಅದು ಪ್ರಮಾಣಿತ ಬೀಜದ ಮಟ್ಟಕ್ಕೆ ಬಾರದು. ಅಂಗಡಿಯಲ್ಲಿ ಬೀಜದ ಚೀಲವನ್ನು ತಿರುಗಿಸಿ ನೀಲಿ ಚೀಟಿ ಇದೆಯೇ ಎಂದು ನೋಡುತ್ತೇವೆ. ಹಾಗೆ ನೋಡಿದ ಮಾತ್ರಕ್ಕೆ ಅಂಗಡಿಯವನನ್ನು ಕಳ್ಳನೆಂದು ಕರೆದಂತಾಗಲಿಲ್ಲ. ಕಣ್ಣಿಗೆ ಕಾಣದ ಗುಣವನ್ನು ಪರೀಕ್ಷೆಯಿಂದಲೂ ಕಾಗದದಿಂದಲೂ ತಿಳಿಯುವ ಕ್ರಮ ಅದು.

ಕೆಲಸ ಕೊಡುವವರೂ ಹೊಸಬರ ವಿಷಯದಲ್ಲಿ ಇದನ್ನೇ ಮಾಡುತ್ತಾರೆ. ಹುಡುಗ ಹೇಳಿದ ಹೆಸರು ನಿಜವೇ, ಓದು ನಿಜವೇ, ವಾಸ ಎಲ್ಲಿ, ಹಿಂದೆ ಎಲ್ಲಿ ದುಡಿದಿದ್ದ, ಮೇಲೆ ಪೊಲೀಸ್ ಪ್ರಕರಣವೇನಾದರೂ ಇದೆಯೇ ಎಂದು ಕೇಳಿ ತಿಳಿಯುತ್ತಾರೆ. ಇದಕ್ಕೆ ಪೂರ್ವಾಪರ ವಿಚಾರಣೆ ಎಂದು ಹೆಸರು. ನಮ್ಮ ಹುಡುಗರು ಇದನ್ನು ‘ವೆರಿಫಿಕೇಶನ್’ ಎನ್ನುತ್ತಾರೆ. ಇಂದು ಹಳ್ಳಿಯ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಗುತ್ತಿಗೆ ನೌಕರಿಗೆ ಹೋಗುತ್ತಿರುವುದರಿಂದ ಇದು ಒಕ್ಕಲು ಮನೆಯ ವಿಷಯವೇ ಆಗಿದೆ. ಆದುದರಿಂದ ಈ ಸಲದ ಪಾಠಕ್ಕೆ ಇದನ್ನು ಆರಿಸಿಕೊಂಡಿದ್ದೇವೆ.

ಒಂದು ಮನೆಯಲ್ಲಿ ನಡೆದದ್ದು

ನಾನು ತಿರುಗುವ ಹಳ್ಳಿಗಳಲ್ಲಿ ಒಂದರಲ್ಲಿ ಎರಡು ಎಕರೆ ರಾಗಿ ಹೊಲ, ಹತ್ತಾರು ತೆಂಗಿನ ಮರ, ಒಂದು ಮಿಶ್ರತಳಿ ಹಸು ಇಟ್ಟುಕೊಂಡ ಕುಟುಂಬವಿದೆ. ಮಗ ಐ.ಟಿ.ಐ. ಮುಗಿಸಿ, ಹೋಬಳಿಯ ಪಂಪು ರಿಪೇರಿ ಅಂಗಡಿಯಲ್ಲಿ ದುಡಿಯುತ್ತಿದ್ದ. ಜೂನ್ ತಿಂಗಳಲ್ಲಿ ತುಮಕೂರಿನ ಕಡೆಯ ಒಂದು ಕಾರ್ಖಾನೆಗೆ ಆಳು ಒದಗಿಸುವ ಗುತ್ತಿಗೆದಾರರಿಂದ ಫೋನು ಬಂತು: “ಆಯ್ಕೆಯಾಗಿದೆ, ಕಾಗದ ಪತ್ರ ಕಳಿಸಿ. ವೆರಿಫಿಕೇಶನ್ ಆದೊಡನೆ ಸೇರಿಕೊಳ್ಳಬಹುದು.”

ಮನೆಯವರು ‘ಆಯ್ಕೆಯಾಗಿದೆ’ ಎಂಬ ಮಾತನ್ನು ಕೇಳಿದರು. ‘ಆದೊಡನೆ’ ಎಂಬುದನ್ನು ಕೇಳಲಿಲ್ಲ. ಹುಡುಗ ಮರುದಿನವೇ ಅಂಗಡಿ ಬಿಟ್ಟ. ಕಾರ್ಖಾನೆಯ ಹತ್ತಿರ ಕೊಠಡಿಗೆ ಮುಂಗಡ ಕೊಡಬೇಕಲ್ಲ ಎಂದು ತಂದೆ ಆ ವಾರದ ಸಂತೆಯಲ್ಲಿ ಹಸುವನ್ನು ಮಾರಿಬಿಟ್ಟರು. ಆಮೇಲೆ ಕಾದರು. ಒಂದು ವಾರ, ಎರಡು ವಾರ, ತಿಂಗಳು. ಕೇಳಿದಾಗಲೆಲ್ಲ “ಇನ್ನೂ ಬಂದಿಲ್ಲ” ಎಂಬ ಒಂದೇ ಉತ್ತರ. ಕಡೆಗೆ ಹುಡುಗ ಕೆಲಸಕ್ಕೆ ಸೇರಿದ್ದು ೫೨ ದಿನಗಳ ಮೇಲೆ. ಹಸು ದಿನಕ್ಕೆ ೮ ಲೀಟರ್ ಹಾಲು ಕೊಡುತ್ತಿತ್ತು. ಐವತ್ತೆರಡು ದಿನಕ್ಕೆ ೪೧೬ ಲೀಟರ್. ಡೈರಿಯ ದರ ತಮಗೆ ಗೊತ್ತು; ಲೆಕ್ಕ ತಾವೇ ಹಾಕಿಕೊಳ್ಳಿ. ಇದರ ಮೇಲೆ ಎರಡು ತಿಂಗಳ ಅಂಗಡಿಯ ಸಂಬಳವೂ ಹೋಯಿತು.

ನಡುವೆ ಒಂದು ಸಂಜೆ ಆ ತಂದೆ ನನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಕೇಳಿದರು: “ಅಲ್ಲ ಸ್ವಾಮೀ, ಮೂರು ತಲೆಮಾರಿನಿಂದ ಇದೇ ಊರಲ್ಲಿದ್ದೀವಿ. ನಮ್ಮನ್ನೇನು ಕಳ್ಳರು ಅಂತ ತಿಳಿದರೋ?”

“ಹಾಗಲ್ಲ ಯಜಮಾನರೇ, ಕಾಗದದ ಪೆಟ್ಟಿಗೆ ತೆಗೆಸಿ, ಒಂದು ಸಾರಿ ನೋಡೋಣ” ಎಂದೆ.

ಮನೆಯಾಕೆ ತಗಡಿನ ಪೆಟ್ಟಿಗೆ ತಂದಿಟ್ಟರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹುಡುಗನ ಹೆಸರಿನ ಹಿಂದೆ ಎರಡು ಇನಿಷಿಯಲ್. ಆಧಾರಿನಲ್ಲಿ ಇನಿಷಿಯಲ್ ಇಲ್ಲ, ಬದಲಿಗೆ ತಂದೆಯ ಪೂರ್ತಿ ಹೆಸರು. ಪ್ಯಾನ್ ಚೀಟಿಯಲ್ಲಿ ಇಂಗ್ಲಿಷ್ ಕಾಗುಣಿತವೇ ಬೇರೆ, ಒಂದು ‘ಎಚ್’ ಅಕ್ಷರ ಬಿಟ್ಟುಹೋಗಿದೆ. ಶಾಲೆಯಲ್ಲಿ ಹುಟ್ಟಿದ ದಿನ ಜೂನ್ ೧ ಎಂದಿದೆ. ಆಧಾರಿನಲ್ಲಿ ಬರಿಯ ವರ್ಷ ಮಾತ್ರ. ವಿಳಾಸದಲ್ಲಿ ದೊಡ್ಡ ಊರಿನ ಹೆಸರು. ಮನೆ ಇರುವುದು ಒಂದೂವರೆ ಕಿಲೋಮೀಟರ್ ಆಚೆಯ ಮಜರೆಯಲ್ಲಿ. ಇನ್ನು ಹುಡುಗನ ಫೋನು ನೋಡಿದರೆ, ಗುರುತಿಲ್ಲದ ಒಂದೇ ನಂಬರಿನಿಂದ ಮೂರು ಕರೆಗಳು ಬಂದಿದ್ದವು. ಮೋಸದ ಕರೆ ಇರಬಹುದೆಂದು ಅವನು ತೆಗೆದಿರಲಿಲ್ಲ. ಅದು ವಿಳಾಸ ವಿಚಾರಿಸಲು ಬಂದವನ ಕರೆ.

ಆ ಮನೆಯವರದು ತಪ್ಪೇನೂ ಇರಲಿಲ್ಲ. ನಾಲ್ಕು ಕಾಗದ ನಾಲ್ಕು ಮಾತು ಹೇಳುತ್ತಿದ್ದವು, ಅಷ್ಟೆ. ಆದರೆ ದೂರದಲ್ಲಿ ಕುಳಿತು ನೋಡುವವನಿಗೆ ಕಾಗದ ಕಾಣುತ್ತದೆಯೇ ಹೊರತು ಮನುಷ್ಯ ಕಾಣುವುದಿಲ್ಲ.

ಏನೇನು ನೋಡುತ್ತಾರೆ? ಎಲ್ಲೆಲ್ಲಿ ನಿಲ್ಲುತ್ತದೆ?

ಎಲ್ಲ ನೌಕರಿಗೂ ಎಲ್ಲ ವಿಚಾರಣೆ ಇರುವುದಿಲ್ಲ. ಸಾಮಾನ್ಯವಾಗಿ ನಡೆಯುವವು ಐದು.

೧. ಗುರುತು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಇವು ಎಲ್ಲ ಕಾಗದಗಳಲ್ಲಿಯೂ ಒಂದೇ ಇರಬೇಕು. ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲಿ ತೊಡಕು ಹೆಚ್ಚು. ಓದಿನ ಕಾಗದ ತಂದೆಯ ಹೆಸರಿನಲ್ಲಿ, ಮತ್ತೊಂದು ಗಂಡನ ಹೆಸರಿನಲ್ಲಿ, ವಿಳಾಸ ಒಂದರಲ್ಲಿ ತವರು, ಇನ್ನೊಂದರಲ್ಲಿ ಅತ್ತೆಮನೆ ಆಗಿರುವುದುಂಟು.

೨. ಓದು. ಅಂಕಪಟ್ಟಿ ನಿಜವಾದದ್ದೇ ಎಂದು ಪರೀಕ್ಷಾ ಮಂಡಳಿಗೋ ವಿಶ್ವವಿದ್ಯಾನಿಲಯಕ್ಕೋ ಬರೆದು ಕೇಳುತ್ತಾರೆ. ಅಲ್ಲಿ ಹಳೆಯ ಕಡತ ತೆಗೆದು ನೋಡಿ ಉತ್ತರ ಬರಲು ವಾರಗಳೇ ಹಿಡಿಯಬಹುದು. ೨೦೧೫ರಲ್ಲಿ ಆರಂಭವಾದ ಡಿಜಿಲಾಕರ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಮಂಡಳಿಯೇ ಹಾಕಿದ ಅಂಕಪಟ್ಟಿ ಸಿಗುವುದಾದರೆ, ಅದಕ್ಕೆ ಮೂಲ ಪ್ರತಿಯಷ್ಟೇ ಬೆಲೆಯಿದೆ. ಆಗ ಈ ತಡ ಬಹಳ ಕಡಿಮೆಯಾಗುವುದು.

೩. ವಿಳಾಸ. ಯಾರಾದರೂ ಮನೆಗೆ ಬಂದು ನೋಡಬಹುದು, ಇಲ್ಲವೆ ಫೋನಿನಲ್ಲಿ ಕೇಳಬಹುದು. ಹಗಲೆಲ್ಲ ಎಲ್ಲರೂ ಹೊಲದಲ್ಲಿ, ಬಾಗಿಲಿಗೆ ಬೀಗ. ಬಂದವನು ‘ಮನೆ ಸಿಗಲಿಲ್ಲ’ ಎಂದು ಬರೆದುಕೊಂಡು ಹೋಗುವನು. ಅಲ್ಲಿಗೆ ಮತ್ತೆ ಹತ್ತು ದಿನ.

೪. ಹಿಂದಿನ ಕೆಲಸ. ಭವಿಷ್ಯ ನಿಧಿಗೆ ಸೇರಿದವರಿಗೆ ೨೦೧೪ರಿಂದ ಜೀವಮಾನಕ್ಕೆ ಒಂದೇ ಸಂಖ್ಯೆ ಇದೆ. ಯಾವ ಕೆಲಸಕ್ಕೆ ಎಂದು ಸೇರಿದಿರಿ, ಎಂದು ಬಿಟ್ಟಿರಿ ಎಂಬುದು ಅದರಲ್ಲಿ ಕಾಣುತ್ತದೆ. ಹಳೆಯ ಗುತ್ತಿಗೆದಾರ ಕೆಲಸ ಬಿಟ್ಟ ದಿನವನ್ನು ನಮೂದಿಸದೆ ಹೋದರೆ, ತಾವು ಇನ್ನೂ ಅಲ್ಲಿಯೇ ಇರುವಂತೆ ತೋರುವುದು. ಬಿಟ್ಟು ಎರಡು ತಿಂಗಳಾದ ಮೇಲೆ ಆ ದಿನವನ್ನು ಸದಸ್ಯನೇ ಆನ್‌ಲೈನಿನಲ್ಲಿ ತುಂಬಬಹುದು.

೫. ಪೊಲೀಸ್ ದಾಖಲೆ. ವಾಸದ ಊರಿನ ಠಾಣೆಯಿಂದ ವರದಿ ಬರಬೇಕು. ಹುಡುಗ ಈಚೆಗೆ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದಿದ್ದರೆ ಅಲ್ಲಿಯ ಠಾಣೆಯನ್ನೂ ಕೇಳುವುದುಂಟು. ಕಾವಲುಗಾರನ ಕೆಲಸಕ್ಕಂತೂ ಇದು ಕಾನೂನಿನ ಮಾತು. ೨೦೦೫ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆಯ ಪ್ರಕಾರ, ಕಾವಲಿಗೆ ಸೇರುವವನ ವಯಸ್ಸು ೧೮ರಿಂದ ೬೫ರೊಳಗೆ ಇರಬೇಕು. ಅವನ ನಡತೆ ಮತ್ತು ಪೂರ್ವಾಪರ ಸರಿಯಿದೆಯೆಂದು ಸಂಸ್ಥೆಗೆ ಖಾತರಿಯಾಗಬೇಕು.

ಗುತ್ತಿಗೆ ನೌಕರಿಯಲ್ಲಿ ತಡ ಏಕೆ ಹೆಚ್ಚು?

ಗುತ್ತಿಗೆಯಲ್ಲಿ ಕೈಗಳು ಹೆಚ್ಚು. ಕೆಲಸ ಇರುವುದು ಕಾರ್ಖಾನೆಯಲ್ಲಿ. ಆಳು ಒದಗಿಸುವವನು ಗುತ್ತಿಗೆದಾರ. ವಿಚಾರಣೆ ಮಾಡುವುದು ಅವರು ಗೊತ್ತುಮಾಡಿದ ಮತ್ತೊಂದು ಸಂಸ್ಥೆ. ಮೂರು ಗದ್ದೆ ದಾಟಿ ಹೋಗುವ ನೀರು ಕಡೆಯ ಗದ್ದೆಗೆ ತಡವಾಗಿ ಮುಟ್ಟುವುದು ಸಹಜವಲ್ಲವೇ? ಕಾಗದದಲ್ಲಿ ಒಂದು ಕೊರತೆ ಕಂಡರೆ ವಿಚಾರಣೆಯವನು ಗುತ್ತಿಗೆದಾರನಿಗೆ ಬರೆಯುವನು. ಗುತ್ತಿಗೆದಾರನಿಗೆ ಇನ್ನೂರು ಹುಡುಗರ ಕಾಗದ. ಅವನು ನಮಗೆ ತಿಳಿಸಲು ಮರೆಯುವನು. ನಾವು ‘ಅವರು ನೋಡುತ್ತಿದ್ದಾರೆ’ ಎಂದು ಕಾಯುತ್ತೇವೆ. ಅವರು ‘ಇವನು ಕಳಿಸಲಿಲ್ಲ’ ಎಂದು ಕಾಯುತ್ತಾರೆ. ಬಹುಪಾಲು ದಿನಗಳು ಹೀಗೆಯೇ ಕಳೆಯುತ್ತವೆ. ಈ ಕಾಯುವ ದಿನಗಳಿಗೆ ಸಾಮಾನ್ಯವಾಗಿ ಸಂಬಳವೂ ಇಲ್ಲ.

ಆದುದರಿಂದ ವಾರಕ್ಕೊಮ್ಮೆ ಗುತ್ತಿಗೆದಾರನನ್ನು ಕೇಳಬೇಕು. ಬರಿದೆ “ಆಯಿತೇ?” ಎಂದು ಕೇಳಿದರೆ ಪ್ರಯೋಜನವಿಲ್ಲ. “ಐದರಲ್ಲಿ ಯಾವುದು ಮುಗಿಯಿತು? ಯಾವುದು ಉಳಿಯಿತು? ನನ್ನಿಂದ ಯಾವ ಕಾಗದ ಬೇಕು?” ಎಂದು ಕೇಳಬೇಕು. ಉತ್ತರವನ್ನು ಮೆಸೇಜಿನಲ್ಲಿ ತರಿಸಿಕೊಳ್ಳಬೇಕು.

ಬದುವಿನ ಜಗಳ ಮತ್ತು ಮಗನ ನೌಕರಿ

ಈ ಭಾಗವನ್ನು ಹಿರಿಯರು ದಯವಿಟ್ಟು ಗಮನವಿಟ್ಟು ಓದಬೇಕು.

ಬದು ಒತ್ತಿದನೆಂದು ಅಣ್ಣತಮ್ಮಂದಿರಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಗುದ್ದಲಿಯ ಕಾವು ಮೇಲೇಳುತ್ತದೆ. ಠಾಣೆಗೆ ಹೋಗಿ ದೂರು ಕೊಡುವಾಗ, ಜಗಳದ ಹೊತ್ತಿನಲ್ಲಿ ಕಾಲೇಜಿನಲ್ಲಿದ್ದ ಹುಡುಗರ ಹೆಸರನ್ನೂ ‘ಇರಲಿ’ ಎಂದು ಸೇರಿಸುತ್ತಾರೆ. ಎದುರಿನವರು ನಮ್ಮ ಮಕ್ಕಳ ಹೆಸರು ಸೇರಿಸಿ ಮರುದೂರು ಕೊಡುತ್ತಾರೆ. ಒಂದು ವರ್ಷದಲ್ಲಿ ಹಿರಿಯರು ರಾಜಿಯಾಗಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಆದರೆ ಪ್ರಕರಣ ನ್ಯಾಯಾಲಯದಲ್ಲಿ ಹಾಗೆಯೇ ಬಿದ್ದಿರುತ್ತದೆ. ಐದಾರು ವರ್ಷದ ಮೇಲೆ ಮಗ ನೌಕರಿಗೆ ಹೊರಟಾಗ ಪೊಲೀಸ್ ವರದಿಯಲ್ಲಿ ಅದು ಎದ್ದು ನಿಲ್ಲುತ್ತದೆ. ಒಂದು ಅಡಿ ಬದುವಿಗೆ ಒಂದು ನೌಕರಿ ತೆತ್ತಂತಾಗುತ್ತದೆ.

ಬದುವಿನ ಸಂಶಯಕ್ಕೆ ಸರಿಯಾದ ದಾರಿ ಹದ್ದುಬಸ್ತು. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಸರ್ವೆಯವರಿಂದ ಅಳತೆ ಮಾಡಿಸಿ ಕಲ್ಲು ನೆಡಿಸಿಕೊಳ್ಳಿ. ಈಗಾಗಲೇ ಪ್ರಕರಣವಿದ್ದು ಅದು ರಾಜಿಯಾಗಬಲ್ಲಂಥದಾದರೆ, ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಂಡು ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳಿ. ಮುಗಿದ ಮೇಲೆ ಆದೇಶದ ದೃಢೀಕೃತ ಪ್ರತಿಯನ್ನು ತಂದು ಪೆಟ್ಟಿಗೆಯಲ್ಲಿಡಿ. ನ್ಯಾಯಾಲಯದಲ್ಲಿ ಮುಗಿದಿದ್ದರೂ ಠಾಣೆಯ ದಾಖಲೆಯಲ್ಲಿ ‘ಬಾಕಿ’ ಎಂದು ಉಳಿದಿರುವುದುಂಟು. ಆಗ ಈ ಪ್ರತಿಯೇ ಮಗನ ಪರವಾಗಿ ಮಾತನಾಡುವುದು.

ಪ್ರಕರಣವಿದೆಯೇ ಎಂದು ಅರ್ಜಿಯಲ್ಲಿ ಕೇಳಿದರೆ ಮುಚ್ಚಿಡಕೂಡದು. ಸರ್ಕಾರಿ ನೌಕರಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೬ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನು ವಿವರಿಸಿದೆ. ಬಂಧನ, ಬಾಕಿ ಪ್ರಕರಣ, ಶಿಕ್ಷೆ ಅಥವಾ ಬಿಡುಗಡೆಯ ಬಗ್ಗೆ ಅಭ್ಯರ್ಥಿ ನಿಜವನ್ನೇ ಹೇಳಬೇಕು. ಅಲ್ಪ ಸ್ವರೂಪದ ಪ್ರಕರಣವಾದರೆ ನೇಮಿಸುವವರು ಅದನ್ನು ಮನ್ನಿಸಬಹುದು. ಖಾಸಗಿ ಕೆಲಸದಲ್ಲಿಯೂ ಇದೇ ನೀತಿ ಒಳ್ಳೆಯದು. ಹೇಳಿಕೊಂಡ ಪ್ರಕರಣವನ್ನು ಮನ್ನಿಸುವವರುಂಟು. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮನ್ನಿಸುವವರು ವಿರಳ.

ಮುಂಚಿತವಾಗಿ ಮಾಡತಕ್ಕ ಕೆಲಸಗಳು

ಉಳುಮೆ ಮಳೆಗೆ ಮುಂಚೆ. ಕಾಗದದ ಕೆಲಸ ನೌಕರಿಗೆ ಮುಂಚೆ. ಮಗ ಕಡೆಯ ವರ್ಷದ ಓದಿನಲ್ಲಿರುವಾಗಲೇ ಒಂದು ಭಾನುವಾರ ಪೆಟ್ಟಿಗೆ ತೆರೆಯಿರಿ.

೧. ಎಲ್ಲ ಕಾಗದಗಳನ್ನೂ ಚಾಪೆಯ ಮೇಲೆ ಸಾಲಾಗಿ ಹರಡಿ. ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಕನ್ನಡದಲ್ಲಿ ಒಂದೇ ಇದ್ದರೆ ಸಾಲದು, ಇಂಗ್ಲಿಷ್ ಕಾಗುಣಿತವೂ ಒಂದೇ ಇರಬೇಕು.

೨. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ತಿದ್ದಿಸುವುದು ಕಷ್ಟ. ಅದರಲ್ಲಿ ತಪ್ಪಿಲ್ಲವಾದರೆ ಅದನ್ನೇ ಗೂಟವೆಂದು ತಿಳಿದು ಉಳಿದ ಕಾಗದಗಳನ್ನು ಅದಕ್ಕೆ ಸರಿಹೊಂದಿಸಿ. ಆಧಾರಿನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನವನ್ನು ಒಂದೇ ಸಲ ಬದಲಿಸಲು ಅವಕಾಶವಿದೆ. ಆದುದರಿಂದ ಅವಸರದಲ್ಲಿ ತಪ್ಪಾಗಿ ಬರೆಸಿ ಆ ಅವಕಾಶವನ್ನು ಕಳೆದುಕೊಳ್ಳಬೇಡಿ.

೩. ತಿದ್ದಲಾಗದ ವ್ಯತ್ಯಾಸವಿದ್ದರೆ, ಎರಡು ಹೆಸರೂ ಒಬ್ಬನದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿಡಿ. ಅದನ್ನು ಒಪ್ಪುವುದು ಬಿಡುವುದು ಕೇಳುವವರಿಗೆ ಸೇರಿದ್ದು. ಆದರೂ ಅನೇಕ ಕಡೆ ಅದರಿಂದ ದಾರಿಯಾಗುತ್ತದೆ.

೪. ವಿಳಾಸದಲ್ಲಿ ಮಜರೆಯ ಹೆಸರು, ಅಂಚೆ, ಹೋಬಳಿ, ತಾಲೂಕು, ಪಿನ್ ಕೋಡು ಪೂರ್ತಿ ಇರಲಿ. ‘ಮಾರಮ್ಮನ ಗುಡಿಯ ಹಿಂದೆ’ ಎಂಬಂಥ ಗುರುತನ್ನೂ ಅರ್ಜಿಯಲ್ಲಿ ಬರೆಯಿರಿ. ಹಗಲು ಮನೆಯಲ್ಲಿರುವ ನೆರೆಯವರೊಬ್ಬರ ಫೋನ್ ನಂಬರನ್ನು ಅವರ ಒಪ್ಪಿಗೆಯಿಂದ ಕೊಡಿ.

೫. ಪೊಲೀಸ್ ಪ್ರಮಾಣಪತ್ರವನ್ನು ನೌಕರನೇ ತರಬೇಕೆಂದರೆ, ಸೇವಾ ಸಿಂಧುವಿನ ಮೂಲಕ ಅರ್ಜಿ ಹಾಕಬಹುದು. ಗ್ರಾಮ ಒನ್ ಕೇಂದ್ರದಲ್ಲಿ ಸಹಾಯ ಸಿಗುತ್ತದೆ. ರಸೀದಿಯನ್ನು ತಪ್ಪದೆ ಪಡೆಯಿರಿ. ಕರ್ನಾಟಕದಲ್ಲಿ ೨೦೧೧ರ ಸಕಾಲ ಕಾಯಿದೆಗೆ ಸೇರಿದ ಪ್ರತಿ ಸೇವೆಗೂ ಗಡುವುಂಟು. ಅರ್ಜಿಗೆ ೧೫ ಅಂಕಿಗಳ ಸಂಖ್ಯೆ ಕೊಡುತ್ತಾರೆ. ಗಡುವು ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು; ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಹಣ ಸ್ವಲ್ಪವೇ, ಆದರೆ ಆ ಸಂಖ್ಯೆ ಹಿಡಿದು ಕೇಳುವವನ ಅರ್ಜಿ ಮೂಲೆಗೆ ಬೀಳುವುದಿಲ್ಲ.

ಮನೆಯಲ್ಲಿ ಈಗ ತಾನೇ ಹುಟ್ಟಿದ ಮಗುವಿದ್ದರೆ ಒಂದು ಮಾತು. ೨೦೨೩ರ ಅಕ್ಟೋಬರ್ ೧ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಸರ್ಕಾರಿ ನೌಕರಿ ಮುಂತಾದವಕ್ಕೆ ಹುಟ್ಟಿದ ದಿನದ ಆಧಾರ ಜನನ ಪ್ರಮಾಣಪತ್ರವೇ. ಅದರಲ್ಲಿ ಹೆಸರನ್ನು ಇಂದೇ ಸರಿಯಾಗಿ ಬರೆಸಿ. ಇಪ್ಪತ್ತು ವರ್ಷದ ಮುಂದಿನ ತಡ ಇಂದೇ ತಪ್ಪುವುದು.

ಕಾಯುವಾಗ ಎಚ್ಚರ

ಸೇರುವ ದಿನ ಲಿಖಿತವಾಗಿ ಬರುವವರೆಗೆ ಕೈಯಲ್ಲಿರುವ ಕೆಲಸ ಬಿಡಬೇಡಿ, ಹಸು ಮಾರಬೇಡಿ, ಕೊಠಡಿಗೆ ಮುಂಗಡ ಕೊಡಬೇಡಿ. ವರದಿ ಬರುವ ಮುನ್ನವೇ ಷರತ್ತಿನ ಮೇಲೆ ಸೇರಿಸಿಕೊಳ್ಳುವುದುಂಟೇ, ಹಾಜರಿ ಎಂದಿನಿಂದ, ಸಂಬಳ ಯಾರು ಕೊಡುವರು ಎಂದು ಮೊದಲೇ ಕೇಳಿ. ನೌಕರರ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ೨೦೨೦ರ ಕಾರ್ಮಿಕ ಸಂಹಿತೆ ೨೦೨೫ರ ನವೆಂಬರ್ ೨೧ರಿಂದ ಜಾರಿಯಲ್ಲಿದೆ. ಅದು ಅನ್ವಯವಾಗುವ ಸಂಸ್ಥೆಗಳಲ್ಲಿ ನೇಮಕ ಪತ್ರ ಕೊಡುವುದು ಮಾಲಿಕನ ಕರ್ತವ್ಯ. ಅದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಈ ದಿನಗಳಲ್ಲಿ ಗುರುತಿಲ್ಲದ ಕರೆ ಬಂದರೆ ತೆಗೆದು ಮಾತನಾಡಿ. ಯಾವ ಸಂಸ್ಥೆ, ಯಾವ ನೌಕರಿಯ ವಿಚಾರಣೆ ಎಂದು ಕೇಳಿ, ಗುತ್ತಿಗೆದಾರನಿಂದ ಖಚಿತಪಡಿಸಿಕೊಳ್ಳಿ. ಆದರೆ ಒ.ಟಿ.ಪಿ. ಆಗಲಿ, ಬ್ಯಾಂಕಿನ ಗುಟ್ಟಿನ ಸಂಖ್ಯೆಯಾಗಲಿ ವಿಚಾರಣೆಗೆ ಬೇಕಾದದ್ದಲ್ಲ. ‘ಇಷ್ಟು ಹಣ ಹಾಕಿ, ನಾಳೆಯೇ ವರದಿ ಮಾಡಿಸುತ್ತೇನೆ’ ಎನ್ನುವವನನ್ನು ನಂಬಬೇಡಿ. ಹಣ ಕಳೆದುಕೊಂಡವರು ತಡಮಾಡದೆ ೧೯೩೦ಕ್ಕೆ ಫೋನು ಮಾಡಬೇಕು.

ಎಲ್ಲ ತಡವೂ ನಮ್ಮಿಂದಲೇ ಆಗುವುದೆಂದು ನಾನು ಹೇಳುತ್ತಿಲ್ಲ. ಕಚೇರಿಗಳಲ್ಲಿ ಕಡತ ನಿಲ್ಲುವುದುಂಟು, ಗುತ್ತಿಗೆದಾರ ಮರೆಯುವುದುಂಟು. ಮಳೆ ನಮ್ಮ ಕೈಯಲ್ಲಿಲ್ಲ. ಬದು ನಮ್ಮ ಕೈಯಲ್ಲಿದೆ. ನಮ್ಮ ಪಾಲಿನದನ್ನು ಸರಿಮಾಡಿಕೊಂಡರೆ, ಉಳಿದದ್ದನ್ನು ಗಟ್ಟಿಯಾಗಿ ಕೇಳುವ ಬಲ ಬರುತ್ತದೆ.

ಆ ಮನೆಯ ಹುಡುಗ ಈಗ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾನೆ. ಮನೆಗೆ ಹಣ ಕಳಿಸುತ್ತಿದ್ದಾನೆ. ಹಸು ಮಾತ್ರ ಹಿಂದಕ್ಕೆ ಬರಲಿಲ್ಲ. ಅವನ ತಂಗಿ ಈಗ ಡಿಪ್ಲೊಮಾದ ಕಡೆಯ ವರ್ಷದಲ್ಲಿದ್ದಾಳೆ. ಕಳೆದ ತಿಂಗಳು ನಾನು ಬೀಜೋಪಚಾರ ತೋರಿಸಲು ಆ ಊರಿಗೆ ಹೋಗಿದ್ದಾಗ, ತಾಯಿ ಅದೇ ತಗಡಿನ ಪೆಟ್ಟಿಗೆಯನ್ನು ಹೊರಗೆ ತಂದಿಟ್ಟು, “ಇವಳದೂ ಒಂದು ಸಾರಿ ನೋಡಿಬಿಡಿ ಸ್ವಾಮೀ, ಈಗಲೇ” ಎಂದರು. ಆಧಾರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಮರುವಾರ ತಿದ್ದಿಸಿದರು.

ಯುವಕ ಸಂಘ ಹಾಗೂ ಮಹಿಳಾ ಮಂಡಲಿಗಳಲ್ಲಿ ಚರ್ಚಿಸಲು ಪ್ರಶ್ನೆಗಳು

೧. ತಮ್ಮ ಮನೆಯ ಮಕ್ಕಳ ಹೆಸರು ಎಷ್ಟು ಕಾಗದಗಳಲ್ಲಿದೆ? ಎಷ್ಟರಲ್ಲಿ ಒಂದೇ ಬಗೆಯಾಗಿದೆ?
೨. ಹಗಲಿನಲ್ಲಿ ವಿಳಾಸ ಕೇಳಿಕೊಂಡು ಬಂದವರಿಗೆ ಮನೆ ತೋರಿಸುವವರು ಯಾರು?
೩. ರಾಜಿಯಾದ ಮೇಲೂ ನ್ಯಾಯಾಲಯದಲ್ಲಿ ಉಳಿದಿರುವ ಪ್ರಕರಣ ಊರಿನಲ್ಲಿ ಎಷ್ಟಿವೆ? ಅವುಗಳಲ್ಲಿ ಮಕ್ಕಳ ಹೆಸರು ಇದೆಯೇ?
೪. ‘ಆಯ್ಕೆಯಾಗಿದೆ’ ಎಂಬುದಕ್ಕೂ ‘ಸೇರಿಕೊಳ್ಳಿ’ ಎಂಬುದಕ್ಕೂ ಇರುವ ವ್ಯತ್ಯಾಸವೇನು?